ಲಾಗರ್ ಬರೆದಿಟ್ಟ ಅಂಕಿಯನ್ನು ನಂಬುವುದು ಹೇಗೆ?

ಬಿಸಿಲು, ಮಳೆ, ಮಣ್ಣಿನ ತೇವ, ಗಾಳಿಯ ಧೂಳು ಇವನ್ನು ತಾನಾಗಿಯೇ ಅಳೆದು, ದಿನಾಂಕ ಮತ್ತು ಸಮಯದ ಸಮೇತ ದಾಖಲಿಸಿಕೊಳ್ಳುವ ಡೇಟಾ ಲಾಗರ್‌ಗಳು ಈಗ ಶಾಲೆ, ಹೊಲ, ಗೋದಾಮುಗಳಿಗೂ ಬಂದಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಯಾವ ಉಪಕರಣ ಕೊಳ್ಳಬೇಕೆಂದು ಕೇಳುವುದಿಲ್ಲ. ಕೊಂಡ ಉಪಕರಣ ತೋರಿಸುವ ಅಂಕಿ ನಿಜವೇ ಎಂದು ಕೇಳುತ್ತವೆ. ಕೇಳಲೇಬೇಕಾದ ಪ್ರಶ್ನೆ ಅದೇ. ಸೆನ್ಸರ್ ಕೆಟ್ಟು ನಿಂತರೆ ಗೊತ್ತಾಗುತ್ತದೆ, ಆದರೆ ತಪ್ಪು ಅಂಕಿ ಕೊಡುತ್ತಲೇ ನಡೆಯುತ್ತಿದ್ದರೆ, ಗೊತ್ತಿರುವ ಯಾವುದಾದರೂ ಅಳತೆಗೆ ಹಚ್ಚಿ ನೋಡದ ಹೊರತು ತಿಳಿಯುವುದಿಲ್ಲ. ಅಂಥ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಾಳಿಗೆಯ ಮೇಲೆ ಕಬ್ಬಿಣದ ಕಂಬಿಗೆ ಉಷ್ಣಾಂಶದ ಲಾಗರ್ ಕಟ್ಟಿದ್ದೇವೆ. ಬೇಸಿಗೆಯಲ್ಲಿ ಅದು 48 ಡಿಗ್ರಿಯವರೆಗೆ ತೋರಿಸಿತು. ಅದೇ ದಿನದ ಅಧಿಕೃತ ವರದಿಗಿಂತ ಅದು ಐದಾರು ಡಿಗ್ರಿ ಹೆಚ್ಚು. ಮಕ್ಕಳು ಯಾವುದನ್ನು ಬರೆದುಕೊಳ್ಳಬೇಕು?
ವಿಜ್ಞಾನ ಶಿಕ್ಷಕಿ, ಮಾನ್ವಿ ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಲಾಗರ್ ಕೆಟ್ಟಿರಲಿಕ್ಕಿಲ್ಲ, ಆದರೆ ಅದು ಬರೆದಿರುವುದು ಗಾಳಿಯ ಉಷ್ಣಾಂಶವಲ್ಲ. ಯಾವ ಸೆನ್ಸರೂ ಹೇಳಬಲ್ಲದ್ದು ತನ್ನ ಮೈಯ ಬಿಸಿಯನ್ನಷ್ಟೇ. ನೇರ ಬಿಸಿಲು ಬಿದ್ದು, ಕಾದ ಕಾಂಕ್ರೀಟಿನ ಝಳ ಕೆಳಗಿನಿಂದ ತಟ್ಟಿ, ಕಂಬಿಯ ಕಾವೂ ಸೇರಿದಾಗ ಅದು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಮೇಲೇರುತ್ತದೆ. ಹವಾಮಾನ ವೀಕ್ಷಣಾಲಯದ ಉಷ್ಣಮಾಪಕ ಓರೆಪಟ್ಟಿಗಳಿರುವ, ಬಿಳಿ ಬಣ್ಣ ಬಳಿದ ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ, ಬಯಲು ನೆಲದಿಂದ 1.25 ರಿಂದ 2 ಮೀಟರ್ ಎತ್ತರದಲ್ಲಿ ಇರುತ್ತದೆ. ಗಾಳಿ ಒಳಗೆ ಆಡಬೇಕು, ಬಿಸಿಲು ಮಾತ್ರ ಬೀಳಬಾರದು ಎಂಬುದಕ್ಕೆ ಆ ಏರ್ಪಾಡು.

ಆದ್ದರಿಂದ ಲಾಗರನ್ನು ಮಾಳಿಗೆಯಿಂದ ಇಳಿಸಿ, ಆಟದ ಮೈದಾನದ ಅಂಚಿನಲ್ಲಿ, ಗೋಡೆ ಮತ್ತು ಡಾಂಬರು ರಸ್ತೆಯಿಂದ ದೂರ, ಮಣ್ಣುನೆಲದ ಮೇಲೆ ಕಂಬ ನೆಟ್ಟು ಕೂರಿಸಿ. ಸ್ಟೀವನ್‌ಸನ್ ಪೆಟ್ಟಿಗೆ ಮಾಡಿಸುವುದು ದುಬಾರಿಯೆನಿಸಿದರೆ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲಾಗಿ, ನಡುವೆ ಒಂದೆರಡು ಬೆರಳಿನಷ್ಟು ಸಂದು ಬಿಟ್ಟು ಒಂದರ ಮೇಲೊಂದು ಪೋಣಿಸಿ, ಮೇಲಿನ ಒಂದೆರಡನ್ನು ಬಿಟ್ಟು ಉಳಿದವುಗಳ ನಡುವನ್ನು ಕೊರೆದು, ಒಳಗೆ ಸೆನ್ಸರ್ ತೂಗುಬಿಡಿ. ಗಾಳಿಯೇ ಇಲ್ಲದ ಮಧ್ಯಾಹ್ನದಲ್ಲಿ ಇಂಥ ನೆರಳುಗೂಡಿನಲ್ಲೂ ಒಂದೆರಡು ಡಿಗ್ರಿ ಹೆಚ್ಚು ಬರಬಹುದು. ಅದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಪೆಟ್ಟಿಗೆಯನ್ನೇ ಮಾಡಿಸುವುದಾದರೆ ಅದರ ಬಾಗಿಲು ಉತ್ತರಕ್ಕಿರಬೇಕೆಂದು ಪಾಠದಲ್ಲಿ ಹೇಳುತ್ತೇವೆ. ಆದರೆ ರಾಯಚೂರು ಜಿಲ್ಲೆ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ, ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರ ಕಳೆಯುವವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ಬಾಗಿಲು ತೆರೆದವರು ತಮ್ಮ ನೆರಳನ್ನು ಅಡ್ಡ ಹಿಡಿದು, ಬೇಗ ನೋಡಿ ಮುಚ್ಚಬೇಕು. ಇದು ಮಕ್ಕಳಿಗೆ ಭೂಗೋಳದ ಒಂದು ಒಳ್ಳೆಯ ಪಾಠವೂ ಆಗುತ್ತದೆ.

ಜಾಗ ಸರಿಯಾದ ಮೇಲೆ ಸೆನ್ಸರನ್ನೇ ಪರೀಕ್ಷಿಸಿ. ಡಿಸ್ಟಿಲ್ಡ್ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿ ಮಾಡಿ ಥರ್ಮಾಸಿನ ತುಂಬ ಹಾಕಿ, ಸಂದು ತುಂಬುವಷ್ಟೇ ಅದೇ ನೀರು ಸುರಿದು, ನೀರು ತಾಗಿದರೂ ಕೆಡದ ಸೆನ್ಸರಿನ ತುದಿಯನ್ನು ನಡುವೆ ಇಳಿಸಿ ಆಗಾಗ ಕಲಕುತ್ತಿರಿ. ಕಾಲು ಗಂಟೆಯ ನಂತರ ಅದು 0 ಡಿಗ್ರಿಗೆ ನಿಲ್ಲಬೇಕು. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಡಿ.ಎಸ್. 18ಬಿ20 ಸೆನ್ಸರಿಗೆ ತಯಾರಕರೇ ಅರ್ಧ ಡಿಗ್ರಿಯ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದಾರೆ. ಕುದಿಯುವ ನೀರನ್ನು 100 ಡಿಗ್ರಿಯೆಂದು ಹಿಡಿದು ಪರೀಕ್ಷಿಸಬೇಡಿ. ಎತ್ತರ 300 ಮೀಟರ್ ಹೆಚ್ಚಿದಂತೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುವುದರಿಂದ ರಾಯಚೂರಿನಲ್ಲಿ ನೀರು 99 ಡಿಗ್ರಿಗಿಂತ ಮೊದಲೇ ಕುದಿಯುತ್ತದೆ. ಇದೇ ಸೆನ್ಸರಿನ ದಾಖಲೆಯಲ್ಲಿ ಇದ್ದಕ್ಕಿದ್ದಂತೆ 85 ಎಂದು ಕಂಡರೆ ಅದು ಅಳೆಯುವ ಮೊದಲೇ ಓದಿದ ಆರಂಭದ ಅಂಕಿ. ಮೈನಸ್ 127 ಕಂಡರೆ ತಂತಿ ಕಡಿದಿದೆ ಎಂದರ್ಥ. ಎರಡನ್ನೂ ಸರಾಸರಿಗೆ ಸೇರಿಸಬಾರದು.

ಈವರೆಗಿನ ಅಂಕಿಗಳನ್ನು ಅಳಿಸಬೇಡಿ. "ಮಾಳಿಗೆಯ ಮೇಲೆ, ನೆರಳಿಲ್ಲದೆ" ಎಂದು ಶೀರ್ಷಿಕೆ ಬರೆದು ಬೇರೆಯಾಗಿಡಿ. ಸೂಚನಾ ಫಲಕದಲ್ಲಿ ಮಾತ್ರ ಹಾಕಬೇಡಿ, ಏಕೆಂದರೆ ಬಯಲು ಪ್ರದೇಶದಲ್ಲಿ 45 ಡಿಗ್ರಿ ಎಂಬುದು ಹವಾಮಾನ ಇಲಾಖೆ ಶಾಖದ ಅಲೆಯನ್ನು ಗುರುತಿಸುವ ಮಟ್ಟ; ಬಿಸಿಲಿನಲ್ಲಿ ಕಾದ ಸೆನ್ಸರಿನ 48 ಊರಿಗೆ ತಪ್ಪು ಸುದ್ದಿ ಕೊಡುತ್ತದೆ.

ಪ್ರಶ್ನೆ: ನಮ್ಮದು ಎರೆಹೊಲ. ಹತ್ತಿ ಸಾಲಿನಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಹೂತಿದ್ದೇನೆ. ನೀರು ಹಾಯಿಸಿದ ಮರುದಿನ ಮಣ್ಣು ಕೈಗೆ ಅಂಟುತ್ತಿದ್ದರೂ ಮೊಬೈಲಿನಲ್ಲಿ "ಒಣಗಿದೆ" ಎಂದೇ ಬರುತ್ತದೆ. ಮಾರಿದವರು ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಸರಿಯಾಗಿ ನಡೆಯುತ್ತಿದೆ ಎನ್ನುತ್ತಾರೆ.
ರೈತರು, ಸಿರುಗುಪ್ಪ

ಉತ್ತರ: ಮಾರಿದವರ ಮಾತೂ ನಿಜ, ನಿಮ್ಮ ಮಾತೂ ನಿಜ. ಈ ಬಗೆಯ ಸೆನ್ಸರ್ ನೀರನ್ನು ನೇರವಾಗಿ ಕಾಣುವುದಿಲ್ಲ. ತನ್ನ ಸುತ್ತಲಿನ ವಸ್ತು ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಳೆದು, ಅದರಿಂದ ನೀರಿನ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಆ ಗುಣದ ಅಂಕಿ ನೀರಿಗೆ ಸುಮಾರು 80, ಒಣ ಮಣ್ಣಿಗೆ 4ರ ಆಸುಪಾಸು, ಗಾಳಿಗೆ 1. ಎರೆಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆ ಬಿರುಕಿನ ಒಂದು ಎಳೆ ಸೆನ್ಸರಿನ ಮೈಗೆ ತಾಗಿದರೂ ಸಾಕು, ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯತೊಡಗುತ್ತದೆ. ನೀರು ಹಾಯಿಸಿದಾಗ ಬಿರುಕಿನೊಳಗೆ ನೀರು ಹರಿದು ಅಂಕಿ ಒಮ್ಮೆಲೇ ಮೇಲೇರಿ, ಅದು ಇಂಗಿದೊಡನೆ ಮತ್ತೆ ಕುಸಿಯುತ್ತದೆ. ನಿಮ್ಮ ಗ್ರಾಫಿನಲ್ಲಿ ನೀರು ಕೊಟ್ಟ ಹೊತ್ತಿನಲ್ಲಿ ಸೂಜಿಯಂತೆ ಎದ್ದು ಬಿದ್ದ ಗೆರೆ ಇದ್ದರೆ ಕಾರಣ ಇದೇ. ಇದರ ಜೊತೆಗೆ, ಜೇಡಿಯ ಸೂಕ್ಷ್ಮ ಕಣಗಳಿಗೆ ಬಿಗಿಯಾಗಿ ಅಂಟಿದ ನೀರು ಸೆನ್ಸರಿಗೆ ಪೂರ್ತಿಯಾಗಿ ಕಾಣಿಸದ ಕಾರಣ, ಕಾರ್ಖಾನೆಯಲ್ಲಿ ಸಾಮಾನ್ಯ ಮಣ್ಣಿಗೆಂದು ಮಾಡಿದ ಲೆಕ್ಕ ಎರೆಗೆ ಹೊಂದುವುದಿಲ್ಲ.

ಸೆನ್ಸರನ್ನು ಕಿತ್ತು ಮತ್ತೆ ಹೂಳಿ. ಒಣಗಿ ಬಿರಿದ ನೆಲದಲ್ಲಿ ಬೇಡ, ನೀರು ಹಾಯಿಸಿದ ಮೂರು ನಾಲ್ಕು ದಿನಕ್ಕೆ ಮಣ್ಣು ಹದಕ್ಕೆ ಬಂದಾಗ ಮಾಡಿ. ಬೇರು ಹೆಚ್ಚಾಗಿರುವ ಆಳದವರೆಗೆ ಸಣ್ಣ ಗುಂಡಿ ತೋಡಿ, ಅದರ ಪಕ್ಕದ ಗೋಡೆಗೆ, ಕದಡದ ಮಣ್ಣಿನೊಳಕ್ಕೆ ಸೆನ್ಸರನ್ನು ಅಡ್ಡಲಾಗಿ ಒತ್ತಿ. ಅದೇ ಆಳದ ಮಣ್ಣನ್ನು ಹೆಂಟೆ ಇಲ್ಲದಂತೆ ಜರಡಿ ಹಿಡಿದು, ನೀರಿನಲ್ಲಿ ಗಟ್ಟಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಮೊದಲು ಅಲ್ಲಿಗೆ ಮೆತ್ತಿದರೆ ಸಂದು ಉಳಿಯುವುದಿಲ್ಲ. ತೆಗೆದ ಮಣ್ಣು ಮೊದಲಿದ್ದ ಆಳಕ್ಕೇ ಬರುವಂತೆ ಗುಂಡಿಯನ್ನು ಪದರ ಪದರವಾಗಿ ತುಂಬಿ ಅದುಮಿ. ಸಡಿಲವಾಗಿ ಬಿಟ್ಟರೆ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ತಂತಿ ಮೇಲಕ್ಕೆ ಬರುವ ಮುನ್ನ ಅದನ್ನು ಒಂದು ಸುತ್ತು ಕೆಳಕ್ಕೆ ಬಾಗಿಸಿ, ಇಲ್ಲದಿದ್ದರೆ ತಂತಿಯ ಗುಂಟ ಹರಿದ ನೀರು ನೇರ ಸೆನ್ಸರಿಗೆ ಬರುತ್ತದೆ. ಮೇಲೆ ಬಂದ ತಂತಿಯನ್ನು ಇಲಿ ಕಡಿಯದಂತೆ ಪೈಪಿನೊಳಗೆ ಸಾಗಿಸಿ.

ನಂತರ ನಿಮ್ಮ ಹೊಲಕ್ಕೇ ಸೇರಿದ ಲೆಕ್ಕ ಬೇಕು. ಮಣ್ಣು ಚೆನ್ನಾಗಿ ನೆನೆದಾಗ, ಹದವಿದ್ದಾಗ, ಒಣಗಿದಾಗ, ಈ ಮೂರೂ ಹೊತ್ತಿನಲ್ಲಿ ಸೆನ್ಸರಿನಿಂದ ಒಂದು ಮೊಳ ದೂರದಲ್ಲಿ ಅದೇ ಆಳದ ಮಣ್ಣು ತೆಗೆದು, ಡಬ್ಬಿಯಲ್ಲಿ ಮುಚ್ಚಿ, ತಡಮಾಡದೆ ತೂಗಿ. 105 ಡಿಗ್ರಿಯ ಒಣಗುಪೆಟ್ಟಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಮತ್ತೆ ತೂಗಿ. 120 ಗ್ರಾಂ ಮಣ್ಣು 96 ಗ್ರಾಂಗೆ ಇಳಿದರೆ ಹೋದ ನೀರು 24 ಗ್ರಾಂ, ಅಂದರೆ ಒಣ ಮಣ್ಣಿನ ತೂಕದ 25 ಪ್ರತಿಶತ. ಸೆನ್ಸರ್ ತೋರಿಸುವುದು ಗಾತ್ರದ ಲೆಕ್ಕ. ನಿಮ್ಮ ಮಣ್ಣಿನ ಒಂದು ಘನ ಸೆಂಟಿಮೀಟರಿನಲ್ಲಿ 1.3 ಗ್ರಾಂ ಒಣ ಮಣ್ಣು ಇದ್ದರೆ ಆ 25 ಎಂಬುದು 32.5 ಆಗುತ್ತದೆ. ಈ ಗುಣಾಕಾರ ಮಾಡದೆ ಎರಡು ಅಂಕಿಗಳನ್ನು ಹೋಲಿಸಿ, ಉಪಕರಣ ಸುಳ್ಳು ಎಂದು ತೀರ್ಮಾನಿಸುವವರು ಬಹಳ ಮಂದಿ. ಒಣಗುಪೆಟ್ಟಿಗೆಯ ಸೌಲಭ್ಯವಿದೆಯೇ ಎಂದು ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಿಮ್ಮ ಹೊಲ ಸವಳಾಗಿದ್ದರೆ ತೊಂದರೆ ತಿರುವುಮುರುವಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳಿನ ಭೂಮಿ ಸಾಕಷ್ಟಿದೆ. ಅಲ್ಲಿ ಉಪ್ಪಿನಂಶದಿಂದಾಗಿ ಅಗ್ಗದ ಸೆನ್ಸರುಗಳು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತವೆ, ಬೆಳೆ ಬಾಡುತ್ತಿದ್ದರೂ ನೀರು ಸಾಕು ಎನ್ನುತ್ತವೆ. ಅಂಥ ಕಡೆ ಅಂಕಿಗಿಂತ ಎಲೆಯನ್ನು ನೋಡಿ ನೀರು ಕೊಡಿ.

ಪ್ರಶ್ನೆ: ನಮ್ಮ ತೋಟದ ಸ್ವಯಂಚಾಲಿತ ಮಳೆಮಾಪಕಕ್ಕೂ ಗ್ರಾಮ ಪಂಚಾಯಿತಿಯ ಮಳೆಮಾಪಕಕ್ಕೂ ತಾಳೆಯಾಗುತ್ತಿಲ್ಲ. ಒಂದು ದಿನ ನಮ್ಮದು 21 ಮಿ.ಮೀ., ಅವರದು 34 ಮಿ.ಮೀ. ತೋರಿಸಿತು. ದೂರ ಮೂರು ಕಿಲೋಮೀಟರಷ್ಟೆ.
ದಾಳಿಂಬೆ ಬೆಳೆಗಾರರು, ಕುಷ್ಟಗಿ

ಉತ್ತರ: ಮುಂಗಾರಿಗೆ ಮುಂಚಿನ ಗುಡುಗುಮಳೆಯಾಗಿದ್ದರೆ ಆ ವ್ಯತ್ಯಾಸ ನಿಜವೇ ಇರಬಹುದು, ನಮ್ಮ ಸೀಮೆಯಲ್ಲಿ ಒಂದು ಹೊಲ ತೋಯ್ದು ಪಕ್ಕದ ಹೊಲ ಒಣಗಿರುವುದು ಹೊಸದಲ್ಲ. ಆದರೂ ಉಪಕರಣವನ್ನು ದೂರುವ ಮುನ್ನ ದಿನ ಎಲ್ಲಿಂದ ಎಲ್ಲಿಗೆ ಎಂದು ನೋಡಿ. ನಮ್ಮ ದೇಶದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇಂದಿನ ಅಧಿಕೃತ ಮಳೆ ಎಂದರೆ ನಿನ್ನೆ 8.30ರಿಂದ ಇಂದು 8.30ರವರೆಗೆ ಬಿದ್ದದ್ದು. ನಿಮ್ಮ ಲಾಗರ್ ನಡುರಾತ್ರಿಯಿಂದ ನಡುರಾತ್ರಿಗೆ ಕೂಡುತ್ತಿದ್ದರೆ ಒಂದೇ ಮಳೆ ಎರಡು ದಿನಗಳಿಗೆ ಹಂಚಿಹೋಗುತ್ತದೆ. ಗಂಟೆವಾರು ಅಂಕಿ ತೆಗೆದು 8.30ರ ಲೆಕ್ಕದಲ್ಲಿ ಮತ್ತೆ ಕೂಡಿ ನೋಡಿ.

ಆಗಲೂ ಕಡಿಮೆಯೇ ಬಂದರೆ ಮಾಪಕವನ್ನು ಬಿಚ್ಚಿ. ಒಳಗೆ ಎರಡು ಪುಟ್ಟ ಬಟ್ಟಲುಗಳು ಏತದಂತೆ ತೂಗುತ್ತಿರುತ್ತವೆ. ಒಂದು ತುಂಬಿ ಮಗುಚಿದಾಗ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದು, ಲಾಗರಿನಲ್ಲಿ ಒಂದು ಎಣಿಕೆ ಬೀಳುತ್ತದೆ. ಆಲಿಕೆಯ ತೂತಿಗೆ ಬೇಸಿಗೆಯ ಗಾಳಿಯ ಧೂಳು, ಹಕ್ಕಿ ಹಿಕ್ಕೆ, ಜೇಡರ ಬಲೆ, ಕಣಜದ ಮಣ್ಣುಗೂಡು ಇವೆಲ್ಲ ಸೇರುತ್ತವೆ. ಪೂರ್ತಿ ಕಟ್ಟಿದರೆ ಮಳೆ ಸೊನ್ನೆ. ಅರ್ಧ ಕಟ್ಟಿದರೆ ಲಕ್ಷಣ ಬೇರೆ: ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ಹತ್ತು ನಿಮಿಷಕ್ಕೊಂದು, ಕಾಲು ಗಂಟೆಗೊಂದು ಎಣಿಕೆ ಬೀಳುತ್ತಲೇ ಇರುತ್ತದೆ. ದಾಖಲೆಯಲ್ಲಿ ಇಂಥ ಬಾಲ ಕಂಡ ದಿನವೇ ಆಲಿಕೆ ತೊಳೆಯಿರಿ. ಬಟ್ಟಲುಗಳನ್ನು ನೀರು ಮತ್ತು ಮೆತ್ತನೆಯ ಕುಂಚದಿಂದ ಮಾತ್ರ ತೊಳೆಯಬೇಕು, ಅಚ್ಚಿಗೆ ಎಣ್ಣೆ ಬಿಡಬಾರದು. ಎಣ್ಣೆಗೆ ಧೂಳು ಅಂಟಿ ಬಟ್ಟಲು ಬಿಗಿಯುತ್ತದೆ. ಕೆಳಗಿನ ತಟ್ಟೆಯ ಗುಳ್ಳೆಮಟ್ಟ ನಡುವಿನಲ್ಲಿದೆಯೇ ನೋಡಿ. ಗಿಡ, ಗೋಡೆ, ನೀರಿನ ಟ್ಯಾಂಕುಗಳಿಂದ ಮಾಪಕ ಅವುಗಳ ಎತ್ತರದ ಎರಡು ಪಟ್ಟಾದರೂ, ಸಾಧ್ಯವಾದರೆ ನಾಲ್ಕು ಪಟ್ಟು ದೂರವಿರಲಿ.

ಎಣಿಕೆ ಸರಿಯಿದೆಯೇ ಎಂದು ತಿಳಿಯಲು ಔಷಧದ ಅಂಗಡಿಯ ಸಲೈನ್ ಡ್ರಿಪ್ ಸೆಟ್ ಸಾಕು. ಆಲಿಕೆಯ ಬಾಯಿ 200 ಮಿ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಅದರ ಮೇಲೆ 1 ಮಿ.ಮೀ. ಮಳೆ ಎಂದರೆ 31.4 ಮಿಲಿಲೀಟರ್ ನೀರು. ಅಳೆದ 500 ಮಿಲಿಲೀಟರ್ ಶುದ್ಧ ನೀರನ್ನು ಒಂದು ಗಂಟೆಯಷ್ಟು ಹೊತ್ತು ಹನಿಹನಿಯಾಗಿ ಬಿಟ್ಟರೆ 15.9 ಮಿ.ಮೀ. ಬರಬೇಕು. ಮಗುಚುವಿಕೆಯೊಂದಕ್ಕೆ 0.2 ಮಿ.ಮೀ. ಎಂದಿರುವ ಮಾಪಕದಲ್ಲಿ ಅದು 79 ಅಥವಾ 80 ಎಣಿಕೆ. 75 ಬಂದರೆ ನಿಮ್ಮ ಮಾಪಕ ಸುಮಾರು 6 ಪ್ರತಿಶತ ಕಡಿಮೆ ತೋರಿಸುತ್ತಿದೆ. ಬಟ್ಟಲುಗಳ ಕೆಳಗಿನ ಎರಡೂ ತಿರುಪುಗಳನ್ನು ಸಮನಾಗಿ ತಿರುಗಿಸಿ ಮತ್ತೆ ಪರೀಕ್ಷಿಸಿ, ಇಲ್ಲವೇ ತಿರುಪು ಮುಟ್ಟದೆ ಲೆಕ್ಕದಲ್ಲಿ ಗುಣಕ ಸೇರಿಸಿ. ನನಗೆ ಎರಡನೆಯದೇ ಹೆಚ್ಚು ಇಷ್ಟ, ಏಕೆಂದರೆ ಹಳೆಯ ಅಂಕಿಗಳನ್ನೂ ಅದರಿಂದ ತಿದ್ದಬಹುದು. ನೀರನ್ನು ಒಮ್ಮೆಲೇ ಸುರಿದು ಪರೀಕ್ಷಿಸಬೇಡಿ. ಬಟ್ಟಲು ಮಗುಚುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದ ಕಾರಣ ಬಿರುಮಳೆಯಲ್ಲಿ ಈ ಬಗೆಯ ಮಾಪಕಗಳೆಲ್ಲ ಸ್ವಲ್ಪ ಕಡಿಮೆಯೇ ತೋರಿಸುತ್ತವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಹತ್ತು ಪ್ರತಿಶತ ತಪ್ಪೆಂದರೆ 60 ಮಿ.ಮೀ.; ಹಿಂಗಾರಿನ ಬಿತ್ತನೆಗೆ ಅದು ಸಣ್ಣ ಮಾತಲ್ಲ. ಪಕ್ಕದಲ್ಲಿ ಕೈಯಿಂದ ಅಳೆಯುವ ಸಾದಾ ಮಳೆಮಾಪಕವೊಂದನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಲಾಗರಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದಾಗ ಜೂನ್ 5ರ ಮಳೆ ಮೇ 6ಕ್ಕೆ ಹೋಗಿ ಕುಳಿತಿತ್ತು. ಗಡಿಯಾರವೂ ಹಿಂದೆ ಬಿದ್ದಿದೆ. ಬ್ಯಾಟರಿ ದೋಷವೇ?
ಪದವಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ದಿನಾಂಕದ ಗೊಂದಲ ಕಂಪ್ಯೂಟರಿನದು. ಅದು ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುತ್ತಿದೆ. 13ನೇ ತಾರೀಖಿನಿಂದ ಮುಂದಿನವು ಅದಕ್ಕೆ ಅರ್ಥವಾಗದೆ ಬರಿಯ ಅಕ್ಷರಗಳಾಗಿ ಉಳಿದಿರುತ್ತವೆ, ಅದೇ ಗುರುತು. ಲಾಗರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವಿದ್ದರೆ ಅದನ್ನೇ ಆರಿಸಿ. ಗಡಿಯಾರ ಹಿಂದೆ ಬೀಳುವುದು ಸಹಜ: ಸಾಧಾರಣ ಸ್ಫಟಿಕದ ಗಡಿಯಾರ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್ ತಪ್ಪಿದರೂ ವರ್ಷಕ್ಕೆ ಹತ್ತು ನಿಮಿಷವಾಗುತ್ತದೆ. ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಮಾತ್ರ ಅದು ಗ್ರೀನಿಚ್ ಸಮಯಕ್ಕೆ ಹೊಂದಿಸಿದ ಲಾಗರ್. ಬ್ಯಾಟರಿಯ ವಿಷಯ ಬೇರೆ. ಲಿಥಿಯಂ ಕೋಶದ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ ಒಮ್ಮೆಲೇ ಕುಸಿಯುತ್ತದೆ, ಆದ್ದರಿಂದ ಪರದೆಯ ಪ್ರತಿಶತವನ್ನು ನೆಚ್ಚದೆ ಮುಂಗಾರಿಗೆ ಮುಂಚೆ ಬದಲಿಸಿಬಿಡಿ. ಹಳೆಯ ಅಂಕಿಗಳನ್ನು ಇಳಿಸಿಕೊಂಡ ಮೇಲೆಯೇ ಬದಲಿಸಿ.

ಪ್ರಶ್ನೆ: ಒಣ ಮೆಣಸಿನಕಾಯಿಯ ಶೀತಲಗೃಹದಲ್ಲಿ ಆರು ಆರ್ದ್ರತಾ ಲಾಗರ್ ಇಟ್ಟಿದ್ದೇವೆ. ಒಂದು 58, ಇನ್ನೊಂದು 71 ತೋರಿಸುತ್ತದೆ. ಯಾವುದನ್ನು ನಂಬಿ ಯಂತ್ರ ನಡೆಸಬೇಕು?
ಮೇಲ್ವಿಚಾರಕರು, ಬಳ್ಳಾರಿ

ಉತ್ತರ: ಆರನ್ನೂ ಹೊರಗೆ ತಂದು ಒಂದೇ ಕಡೆ ಇಟ್ಟು ನೋಡದೆ ಹೇಳಲಾಗದು. ತರುವಾಗ ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ತಣ್ಣಗಿನ ಲಾಗರಿಗೆ ಬಳ್ಳಾರಿಯ ಹೊರಗಾಳಿ ತಗುಲಿದೊಡನೆ ಮೈಮೇಲೆ ನೀರು ಕಟ್ಟಿ ಸೆನ್ಸರ್ ಕೆಡಬಹುದು. ಕೋಣೆಯ ಕಾವಿಗೆ ಬಂದ ಮೇಲೆ ಚೀಲ ಬಿಚ್ಚಿ.

ಆಮೇಲೆ ಉಪ್ಪಿನ ಪರೀಕ್ಷೆ ಮಾಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಂದು ಬಟ್ಟಲಿನಲ್ಲಿ ಹರಳುಪ್ಪು ಹಾಕಿ, ಪೂರ್ತಿ ಕರಗದೆ ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ ಇಡಿ. ಅದರ ಮೇಲಿನ ಗಾಳಿಯ ಆರ್ದ್ರತೆ 20 ರಿಂದ 30 ಡಿಗ್ರಿಯ ಕಾವಿನಲ್ಲಿ 75 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ. ಉಪ್ಪು ತಾಗದಂತೆ ಲಾಗರನ್ನು ಒಳಗಿಟ್ಟು, ಬಿಸಿಲು ಬೀಳದ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75ಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಪ್ರತಿ ಲಾಗರಿನ ಬೆನ್ನಿಗೆ ಚೀಟಿ ಅಂಟಿಸಿ. ಮೆಗ್ನೀಷಿಯಂ ಕ್ಲೋರೈಡಿನಿಂದ ಹೀಗೆಯೇ ಮಾಡಿದರೆ 33 ಪ್ರತಿಶತ ಸಿಗುತ್ತದೆ. ಎರಡೂ ಕಡೆ ಒಂದೇ ಪ್ರಮಾಣದ ತಪ್ಪಿದ್ದರೆ ತಿದ್ದಬಹುದು, ಬೇರೆ ಬೇರೆಯಾಗಿದ್ದರೆ ಆ ಸೆನ್ಸರನ್ನು ಬದಲಿಸಿ. ಮೆಣಸಿನಕಾಯಿಯ ಧೂಳು ಸೆನ್ಸರಿನ ಜಾಳಿಗೆಯನ್ನು ಮುಚ್ಚುವುದರಿಂದ ಅಂಕಿ ತಡವಾಗಿ ಏರಿಳಿಯುತ್ತದೆ. ಜಾಳಿಗೆ ಬಿಚ್ಚಿ ತೊಳೆದು ಒಣಗಿಸಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ.

ತಪ್ಪು ತಿದ್ದಿದ ಮೇಲೂ 58 ಮತ್ತು 71 ಉಳಿದರೆ ಅದು ಗೋದಾಮಿನ ನಿಜ. ಬಾಗಿಲ ಬಳಿಯದು, ತಂಪುಗಾಳಿಯ ಪಂಖದ ಎದುರಿನದು, ಚೀಲಗಳ ಅಟ್ಟಿಯ ನಡುವಿನದು ಒಂದೇ ಆಗಿರುವುದಿಲ್ಲ. ಬೂಷ್ಟು ಹುಟ್ಟುವುದು ಗಾಳಿಯಾಡದ ಅಟ್ಟಿಯ ನಡುವೆ. ಅಲ್ಲಿನ ಅಂಕಿ 65 ದಾಟಿ ನಿಲ್ಲತೊಡಗಿದರೆ ಎಚ್ಚರಗೊಳ್ಳಿ, ಯಂತ್ರವನ್ನೂ ಅದನ್ನು ನೋಡಿಯೇ ನಡೆಸಿ.

ಪ್ರಶ್ನೆ: ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕ ನಮ್ಮ ಮನೆ. ಕೆಂಧೂಳಿನಿಂದ ಎಲೆಗಳೇ ಕಾಣುವುದಿಲ್ಲ. ಆದರೆ ನಾವು ಕೊಂಡ ಸಣ್ಣ ಧೂಳಿನ ಸೆನ್ಸರಿನಲ್ಲಿ ಪಿ.ಎಂ. 10 (10 ಮೈಕ್ರೋಮೀಟರ್‌ವರೆಗಿನ ಕಣಗಳ ಪ್ರಮಾಣ) ಮಿತಿಯೊಳಗೇ ಬರುತ್ತದೆ. ಇದನ್ನು ಅಧಿಕಾರಿಗಳಿಗೆ ಕೊಡಬಹುದೇ?
ಸಂಡೂರು ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಆ ಪಿ.ಎಂ. 10ರ ಅಂಕಿಯನ್ನು ಕೊಡಬೇಡಿ. ನಿಮ್ಮ ದೂರನ್ನು ಅದು ನಿಮ್ಮ ಕೈಯಿಂದಲೇ ಅಳಿಸಿಹಾಕುತ್ತದೆ. ಈ ಸಣ್ಣ ಸೆನ್ಸರುಗಳು ಧೂಳನ್ನು ತೂಗುವುದಿಲ್ಲ. ಪುಟ್ಟ ಪಂಖದಿಂದ ಗಾಳಿ ಎಳೆದು, ಲೇಸರ್ ಬೆಳಕು ಕಣಗಳಿಗೆ ಬಡಿದು ಚದರುವುದನ್ನು ನೋಡಿ ತೂಕವನ್ನು ಅಂದಾಜಿಸುತ್ತವೆ. ಹೊಗೆಯ ಸೂಕ್ಷ್ಮ ಕಣಗಳು ಅವಕ್ಕೆ ಚೆನ್ನಾಗಿ ಕಾಣುತ್ತವೆ, ರಸ್ತೆಯಿಂದ ಏಳುವ ದಪ್ಪ ಕಣಗಳು ಸರಿಯಾಗಿ ಕಾಣುವುದಿಲ್ಲ, ಪಿ.ಎಂ. 10 ಎಂದು ತೋರಿಸುವುದು ಬಹುಮಟ್ಟಿಗೆ ಸಣ್ಣ ಕಣಗಳ ಎಣಿಕೆಯಿಂದ ಹಿಗ್ಗಿಸಿದ ಲೆಕ್ಕ. ಅದರ ಮೇಲೆ ಕಬ್ಬಿಣದ ಅದಿರು ಬಹಳ ಭಾರದ ವಸ್ತು. ಹೆಮಟೈಟಿನ ಸಾಂದ್ರತೆ ನೀರಿನ ಐದು ಪಟ್ಟಿಗಿಂತ ಹೆಚ್ಚು. ಸಾಧಾರಣ ಧೂಳಿನ ಸಾಂದ್ರತೆ ಹಿಡಿದು ಮಾಡಿದ ಲೆಕ್ಕದಲ್ಲಿ ಆ ತೂಕ ಕಾಣಿಸುವುದೇ ಇಲ್ಲ. ಇದಕ್ಕೆ ತಿರುಗಾಗಿ, ಚಳಿಗಾಲದ ಮಂಜಿನ ಬೆಳಗಿನಲ್ಲಿ ನೀರಿನ ಕಣಗಳನ್ನೇ ಧೂಳೆಂದು ಹೆಚ್ಚು ತೋರಿಸುವುದೂ ಉಂಟು, ಆದ್ದರಿಂದ ಪಕ್ಕದಲ್ಲಿ ಆರ್ದ್ರತೆಯ ಸೆನ್ಸರ್ ಇರಲಿ.

ಹಾಗೆಂದು ಅದನ್ನು ಎಸೆಯಬೇಡಿ. ಎಷ್ಟು ಎಂಬುದಕ್ಕೆ ಬಾರದಿದ್ದರೂ ಯಾವಾಗ ಎಂಬುದಕ್ಕೆ ಅದು ಬರುತ್ತದೆ. ನೆಲದಿಂದ ಮೂಗಿನ ಎತ್ತರದಲ್ಲಿ, ಒಲೆಯ ಹೊಗೆ ತಾಗದ ಕಡೆ, ಮಳೆ ಬೀಳದಂತೆ ಮರೆ ಮಾಡಿ ಕೂರಿಸಿ, ಜಾಗ ಬದಲಿಸದೆ ನಡೆಸಿ. ಒಳಗೆ ಧೂಳು ತುಂಬಿ ಪಂಖ ನಿಧಾನವಾಗುವುದರಿಂದ ಆಗಾಗ ಬಿಚ್ಚಿ ಮೃದುವಾದ ಕುಂಚದಿಂದ ಒರೆಸಿ, ಒರೆಸಿದ ದಿನವನ್ನು ಬರೆದಿಡಿ. ಜೊತೆಗೆ ಒಂದು ಪುಸ್ತಕದಲ್ಲಿ ಲಾರಿಗಳ ಓಡಾಟದ ಹೊತ್ತು, ರಸ್ತೆಗೆ ನೀರು ಹೊಡೆದ ಹೊತ್ತು, ಗಾಳಿಯ ದಿಕ್ಕು ದಾಖಲಿಸಿ. ಲಾರಿ ಹೋದಾಗಲೆಲ್ಲ ಅಂಕಿ ಏರುವುದು, ನೀರು ಹೊಡೆದ ದಿನ ಇಳಿಯುವುದು, ಭಾನುವಾರ ಬೇರೆಯಾಗಿರುವುದು ಅದರಲ್ಲಿ ಕಂಡರೆ ಅದೇ ನಿಮ್ಮ ಸಾಕ್ಷ್ಯ.

2009ರ ರಾಷ್ಟ್ರೀಯ ಮಾನದಂಡದಂತೆ ಪಿ.ಎಂ. 10 ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ, ಪಿ.ಎಂ. 2.5 ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಈ ಮಿತಿ ದಾಟಿದೆಯೇ ಎಂಬುದನ್ನು ಶೋಧಕಾಗದದ ಮೇಲೆ ಧೂಳು ಹಿಡಿದು ತೂಗುವ ಯಂತ್ರದಿಂದ, ಅಥವಾ ಅದಕ್ಕೆ ಸರಿಸಮವೆಂದು ಮಾನ್ಯವಾದ ಯಂತ್ರದಿಂದ ಅಳೆಯಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವ ಅರ್ಜಿಯಲ್ಲಿ ನಿಮ್ಮ ಓಣಿಯಲ್ಲೇ ಅಂಥ ಅಳತೆ ಮಾಡಬೇಕೆಂದು ಕೇಳಿ. ಯಾವ ದಿನ, ಯಾವ ಹೊತ್ತು ಅಳೆದರೆ ನಿಜಸ್ಥಿತಿ ತಿಳಿಯುತ್ತದೆ ಎಂಬುದಕ್ಕೆ ಆಧಾರವಾಗಿ ನಿಮ್ಮ ಗ್ರಾಫನ್ನೂ ಪುಸ್ತಕದ ನಕಲನ್ನೂ ಅರ್ಜಿಗೆ ಲಗತ್ತಿಸಿ.